ಸಾಲಿನ ಎಡಕ್ಕೊಂದು ಸಂಖ್ಯೆ

1

ಪರದೆಯ ಬಲಭಾಗದಲ್ಲಿ ಪ್ರೋಗ್ರಾಮಿನ ಸಾಲುಗಳು. ಎಡಕ್ಕೆ ಸಂಖ್ಯೆಗಳ ಪಟ್ಟಿ. ಬಹುತೇಕ ಸಾಲುಗಳ ಎಡ ಖಾಲಿ. ಕೆಲವಕ್ಕೆ 0.12, 0.40. ನಡುವೆ ಎಲ್ಲೋ ಒಂದು ಸಾಲಿಗೆ 38. ಲಿನಕ್ಸ್‌ನ ಪರ್ಫ್ ಎಂಬ ಉಪಕರಣಕ್ಕೆ 'ಅನೊಟೇಟ್' ಆಜ್ಞೆ ಕೊಟ್ಟರೆ ಕಾಣುವ ಪುಟ ಇದು. ಪ್ರೋಗ್ರಾಮ್ ಓಡುವಾಗ ಈ ಪುಟದಲ್ಲಿರುವ ಫಂಕ್ಷನ್ನಿನಲ್ಲಿ ಸಿಕ್ಕ ಸ್ಯಾಂಪಲ್‌ಗಳಲ್ಲಿ ಶೇಕಡಾ ಎಷ್ಟು ಈ ಸಾಲಿನಲ್ಲಿ ಸಿಕ್ಕವು ಎಂಬುದೇ ಆ ಸಂಖ್ಯೆ.

ಸೋರ್ಸ್ ಕೋಡ್ ಮತ್ತು ಅಸೆಂಬ್ಲಿ ಎರಡನ್ನೂ ಹೆಣೆದು ತೋರಿಸುತ್ತದೆ. ಮನುಷ್ಯ ಬರೆದ ಒಂದು ಸಾಲು, ಅದರಡಿ ಯಂತ್ರಕ್ಕೆ ಹೋದ ನಾಲ್ಕಾರು ಇನ್‌ಸ್ಟ್ರಕ್ಷನ್‌ಗಳು, ಮತ್ತೆ ಮನುಷ್ಯನ ಸಾಲು. ಸಂಖ್ಯೆ ಬೀಳುವುದು ಇನ್‌ಸ್ಟ್ರಕ್ಷನ್‌ನ ಎಡಕ್ಕೆ. ಮನುಷ್ಯನ ಸಾಲಿನ ಎಡಕ್ಕೆ ಏನೂ ಬೀಳುವುದಿಲ್ಲ.

2

5% ಮುಟ್ಟಿದ ಸಾಲು ಕೆಂಪು. 0.5% ದಾಟಿದ್ದು ಹಸಿರು. ಅದಕ್ಕಿಂತ ಕಡಿಮೆಯದಕ್ಕೆ ಬಣ್ಣವಿಲ್ಲ. ಈ ಎರಡು ಅಂಕಿಗಳನ್ನು ಪರ್ಫ್‌ನ ಸೋರ್ಸ್ ಕೋಡ್‌ನಲ್ಲೇ ಬರೆದಿಟ್ಟಿದ್ದಾರೆ. 5 ಏಕೆ, 4 ಏಕಲ್ಲ ಎಂಬುದಕ್ಕೆ ಅವುಗಳ ಪಕ್ಕದಲ್ಲಿ ಕಾರಣ ಬರೆದಿಲ್ಲ.

3

ಕೀಲಿಮಣೆಯಲ್ಲಿ ದೊಡ್ಡ 'ಎಚ್' ಒತ್ತಿದರೆ ಎಲ್ಲಕ್ಕಿಂತ ಬಿಸಿಯಾದ ಸಾಲಿಗೆ ಜಿಗಿತ. 'ಟ್ಯಾಬ್' ಒತ್ತಿದರೆ ಇನ್ನೊಂದು ಬಿಸಿ ಸಾಲಿಗೆ. ಬರೆದವರು ಮೇಲಿನಿಂದ ಕೆಳಕ್ಕೆ ಬರೆದಿದ್ದಾರೆ. ಓದುವವರು ಹೀಗೆ ಹಾರುತ್ತ ಓದುತ್ತಾರೆ.

4

ಸಂಖ್ಯೆ ಬರುವ ಬಗೆ. ಪ್ರೊಸೆಸರಿನೊಳಗೆ ಎಣಿಸುವ ಕೌಂಟರ್‌ಗಳಿವೆ. ಒಂದು ಕೌಂಟರಿಗೆ ಕ್ಲಾಕ್ ಸೈಕಲ್‌ಗಳನ್ನು ಎಣಿಸಲು ಹೇಳುತ್ತಾರೆ. ಗೊತ್ತುಮಾಡಿದ ಎಣಿಕೆ ತುಂಬಿದೊಡನೆ ಅದು ಇಂಟರಪ್ಟ್ ಎಬ್ಬಿಸುತ್ತದೆ. ಪ್ರೋಗ್ರಾಮ್ ನಿಲ್ಲುತ್ತದೆ. ಕರ್ನೆಲ್ ಬಂದು, ಓಟ ಯಾವ ವಿಳಾಸದಲ್ಲಿತ್ತು ಎಂದು ಬರೆದುಕೊಳ್ಳುತ್ತದೆ. ಪ್ರೋಗ್ರಾಮ್ ಮತ್ತೆ ಓಡುತ್ತದೆ. ತಾನು ನಿಂತದ್ದು ಅದಕ್ಕೆ ತಿಳಿಯುವುದಿಲ್ಲ.

ಬರೆದುಕೊಂಡದ್ದು ವಿಳಾಸ ಮಾತ್ರ. ಆ ವಿಳಾಸದಲ್ಲಿ ಯಾವ ಫಂಕ್ಷನ್ ಇದೆ, ಅದು ಯಾವ ಫೈಲಿನ ಎಷ್ಟನೆಯ ಸಾಲು ಎಂಬುದೆಲ್ಲ ಆಮೇಲೆ, ಪ್ರೋಗ್ರಾಮ್ ಮುಗಿದ ಮೇಲೆ ಹುಡುಕಿ ಜೋಡಿಸಿದ್ದು.

5

ಬೇರೆ ಏನೂ ಹೇಳದಿದ್ದರೆ ಪರ್ಫ್ ಸೆಕೆಂಡಿಗೆ 4,000 ಸಲ ಇಣುಕುತ್ತದೆ. 3 ಗಿಗಾಹರ್ಟ್ಸ್ ಪ್ರೊಸೆಸರ್ ಸೆಕೆಂಡಿಗೆ 300 ಕೋಟಿ ಸೈಕಲ್ ನಡೆಸುತ್ತದೆ. ಎಂದರೆ 7.5 ಲಕ್ಷ ಸೈಕಲ್‌ಗಳಿಗೆ ಒಂದು ಇಣುಕು. ಒಂದೊಂದು ಸೈಕಲ್‌ನಲ್ಲಿ ಒಂದಕ್ಕಿಂತ ಹೆಚ್ಚು ಇನ್‌ಸ್ಟ್ರಕ್ಷನ್ ಮುಗಿಯುವುದೂ ಉಂಟು. ನೋಡಿದ್ದು ಒಂದನ್ನು. ನೋಡದೆ ಬಿಟ್ಟದ್ದು ಲಕ್ಷಗಟ್ಟಲೆ.

6

ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಹಿಸುಕಿದರೆ ಸಾಕು. ಪ್ರೋಗ್ರಾಮ್ ಹಾಗೆ ಒಂದೇ ಸಮ ಬೇಯುವುದಿಲ್ಲ.

ಹತ್ತು ಸ್ಯಾಂಪಲ್‌ಗಳಲ್ಲಿ 3 ಒಂದು ಸಾಲಿಗೆ ಬಿದ್ದರೂ 30%. ಹತ್ತು ಸಾವಿರದಲ್ಲಿ 3,000 ಬಿದ್ದರೂ 30%. ಪುಟದಲ್ಲಿ ಎರಡೂ ಒಂದೇ ಕೆಂಪು. 'ಟಿ' ಎರಡು ಸಲ ಒತ್ತಿದರೆ ಶೇಕಡಾ ಹೋಗಿ ಸ್ಯಾಂಪಲ್‌ಗಳ ಎಣಿಕೆ ಬರುತ್ತದೆ. ಒತ್ತಿ ನೋಡುವವರು ಕಡಿಮೆ ಎಂದು ಕಾಣುತ್ತದೆ.

7

ಈ ಕೆಲಸದಲ್ಲಿ ಪಳಗಿದವರು ಸೆಕೆಂಡಿಗೆ 100 ಸಲ ಎಂದು ಕೇಳುವುದಿಲ್ಲ. 99 ಎಂದು ಕೇಳುತ್ತಾರೆ.

ಪ್ರೋಗ್ರಾಮಿನಲ್ಲೇ ಏನೋ ಒಂದು ಸೆಕೆಂಡಿಗೆ 100 ಸಲ ಎದ್ದು ಕೆಲಸ ಮಾಡಿ ಮಲಗುತ್ತದೆ ಎಂದಿಟ್ಟುಕೊಳ್ಳಿ. 100ರ ಲೆಕ್ಕದಲ್ಲಿ ಇಣುಕಿದರೆ ಪ್ರತಿ ಸಲವೂ ಅದು ಅದೇ ಸಾಲಿನಲ್ಲಿ ಸಿಗುತ್ತದೆ. ಇಲ್ಲವೇ ಎಂದೂ ಸಿಗುವುದಿಲ್ಲ. 99 ಆದರೆ ಹೆಜ್ಜೆ ತಪ್ಪುತ್ತದೆ. ಹೆಜ್ಜೆ ತಪ್ಪಿದರೆ ಲೆಕ್ಕ ಸರಿಯಾಗುತ್ತದೆ.

2007ರಲ್ಲಿ ದಾನ್ ಸಫ್ರೀರ್, ಯೋಆವ್ ಎಟ್ಸಿಯೋನ್, ದ್ರೋರ್ ಫೈಟೆಲ್ಸನ್ ಒಂದು ಪ್ರಬಂಧ ಬರೆದರು. ಗಡಿಯಾರದ ಮಿಡಿತ ಆದ ಕೂಡಲೇ ಎದ್ದು, ಮುಂದಿನ ಮಿಡಿತಕ್ಕೆ ತುಸು ಮೊದಲು ಮಲಗುವ ಪ್ರೋಗ್ರಾಮ್ ಅದರ ವಿಷಯ. ಪ್ರೊಸೆಸರಿನ ಸಮಯವನ್ನೆಲ್ಲ ಅದು ತಿನ್ನುತ್ತದೆ. ಮಿಡಿತ ನೋಡಿ ಲೆಕ್ಕ ಬರೆಯುವ ಕರ್ನೆಲ್‌ನ ಪುಸ್ತಕದಲ್ಲಿ ಅದರ ಖಾತೆ ಸೊನ್ನೆ.

8

1971. ಡೊನಾಲ್ಡ್ ಕ್ನೂತ್ ಫೋರ್ಟ್ರಾನ್ ಪ್ರೋಗ್ರಾಮ್‌ಗಳ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಜನ ನಿಜವಾಗಿ ಎಂಥ ಪ್ರೋಗ್ರಾಮ್ ಬರೆಯುತ್ತಾರೆ ಎಂದು ಅವರಿಗೆ ತಿಳಿಯಬೇಕಿತ್ತು. ಸ್ಟ್ಯಾನ್‌ಫರ್ಡ್‌ನ ಕಂಪ್ಯೂಟರ್ ಕೇಂದ್ರದ ಕಸದ ಬುಟ್ಟಿಗಳನ್ನು ಹುಡುಕಿ, ಎಸೆದ ಲಿಸ್ಟಿಂಗ್‌ಗಳನ್ನು ಎತ್ತಿಕೊಂಡರು. ಲಾಕ್‌ಹೀಡ್ ಕಂಪನಿಯಿಂದಲೂ ಪ್ರೋಗ್ರಾಮ್‌ಗಳನ್ನು ತರಿಸಿಕೊಂಡರು.

ಫೋರ್ಡ್ಯಾಪ್ ಎಂಬ ಉಪಕರಣ ಪ್ರತಿ ಸಾಲಿಗೂ ಎಣಿಕೆ ಸೇರಿಸುತ್ತಿತ್ತು. ಪ್ರೋಗ್ರಾಮ್ ಓಡಿ ಮುಗಿದ ಮೇಲೆ ಲಿಸ್ಟಿಂಗ್ ಅಚ್ಚಾಗಿ ಬರುತ್ತಿತ್ತು: ಸಾಲು, ಪಕ್ಕದಲ್ಲಿ ಎಷ್ಟು ಸಲ ಓಡಿತು, ಅಂದಾಜು ಎಷ್ಟು ಖರ್ಚು. ಇಂದಿನ ಪುಟದ ಅಜ್ಜಿ ಅದು.

ಕಂಡದ್ದು: ಪ್ರೋಗ್ರಾಮಿನ 4%ಗಿಂತ ಕಡಿಮೆ ಭಾಗ, ಸಾಮಾನ್ಯವಾಗಿ, ಅರ್ಧಕ್ಕಿಂತ ಹೆಚ್ಚು ಸಮಯ ತಿನ್ನುತ್ತದೆ.

9

ಫೋರ್ಡ್ಯಾಪನ್ನು ಫೋರ್ಡ್ಯಾಪ್‌ಗೇ ಕೊಟ್ಟರು. ಅದರ ಅರ್ಧಕ್ಕಿಂತ ಹೆಚ್ಚು ಸಮಯ ಎರಡು ಲೂಪ್‌ಗಳಲ್ಲಿ ಹೋಗುತ್ತಿತ್ತು. ಅವನ್ನು ಸ್ವಲ್ಪ ತಿದ್ದಿದರು. ವೇಗ ಎರಡರಷ್ಟಾಯಿತು. ಆ ಲೂಪ್‌ಗಳನ್ನು ಬರೆದವರಿಗೆ ಅದುವರೆಗೆ ಅದು ಕಂಡಿರಲಿಲ್ಲ. ಎಲ್ಲರ ಪ್ರೋಗ್ರಾಮಿನಲ್ಲೂ ಇದನ್ನೇ ಹುಡುಕುವ ಉಪಕರಣ ಕಟ್ಟುತ್ತಿದ್ದವರೇ ಅವರು.

10

ಎಣಿಕೆ ಬೇರೆ, ಸ್ಯಾಂಪಲ್ ಬೇರೆ. 'ಜಿಕಾವ್' ಎಂಬುದು ಎಣಿಸುತ್ತದೆ. ಸಾಲು ಎಷ್ಟು ಸಲ ಓಡಿತೋ ಅಷ್ಟನ್ನು ಎಡಕ್ಕೆ ಬರೆಯುತ್ತದೆ. ಎಷ್ಟು ಹೊತ್ತು ಹಿಡಿಯಿತು ಎಂದು ಹೇಳುವುದಿಲ್ಲ. ಕೋಟಿ ಸಲ ಓಡಿದ ಸಾಲು ಅಗ್ಗವಾಗಿರಬಹುದು. ಒಮ್ಮೆ ಓಡಿದ ಸಾಲು ಡಿಸ್ಕಿನ ಮುಂದೆ ಕಾದು ಕೂತಿರಬಹುದು.

ಒಮ್ಮೆಯೂ ಓಡದ ಸಾಲಿಗೆ ಜಿಕಾವ್ ಸೊನ್ನೆ ಬರೆಯುವುದಿಲ್ಲ. ##### ಎಂದು ಬರೆಯುತ್ತದೆ. ಕಾಮೆಂಟ್, ಖಾಲಿ ಸಾಲು ಇತ್ಯಾದಿಗಳಿಗೆ ಒಂದು ಅಡ್ಡಗೆರೆ. ಓಡಬಹುದಾಗಿದ್ದೂ ಓಡದ್ದು, ಓಡುವಂಥದ್ದೇ ಅಲ್ಲದ್ದು: ಎರಡಕ್ಕೂ ಬೇರೆ ಬೇರೆ ಗುರುತು. ಪರ್ಫ್‌ನ ಪುಟದಲ್ಲಿ ಈ ಭೇದವಿಲ್ಲ. ಅಲ್ಲಿ ಎರಡರ ಎಡವೂ ಖಾಲಿ.

11

1982ರ ಜಿಪ್ರೊಫ್. ಗ್ರಹಾಂ, ಕೆಸ್ಲರ್, ಮೆಕ್‌ಕ್ಯೂಸಿಕ್ ಬರ್ಕ್ಲಿಯಲ್ಲಿ ಬರೆದದ್ದು. ಅದು ಎಣಿಕೆಯನ್ನೂ ಸ್ಯಾಂಪಲನ್ನೂ ಬೆರೆಸಿತು. ಒಂದು ಫಂಕ್ಷನ್ ಯಾರ್ಯಾರ ಕರೆಯಿಂದ ಎಷ್ಟೆಷ್ಟು ಸಲ ಓಡಿತು ಎಂಬುದು ಎಣಿಕೆ. ಅದರೊಳಗೆ ಒಟ್ಟು ಎಷ್ಟು ಹೊತ್ತು ಕಳೆಯಿತು ಎಂಬುದು ಸ್ಯಾಂಪಲ್. ಆ ಹೊತ್ತನ್ನು ಕರೆದವರ ನಡುವೆ ಕರೆಗಳ ಎಣಿಕೆಯಂತೆ ಹಂಚುತ್ತದೆ.

ಒಬ್ಬ 900 ಸಲ ಕರೆದ, ಪ್ರತಿ ಸಲವೂ ಎರಡೇ ಅಂಕಿ ಕೂಡಿಸಲು. ಇನ್ನೊಬ್ಬ 100 ಸಲ ಕರೆದ, ಪ್ರತಿ ಸಲವೂ ಹತ್ತು ಲಕ್ಷ ಅಂಕಿ ಕೂಡಿಸಲು. ಜಿಪ್ರೊಫ್ ಪುಟದಲ್ಲಿ ಖರ್ಚಿನ 90% ಮೊದಲನೆಯವನ ಹೆಸರಿಗೆ.

12

ಈಗ ಕಾಡುವ ವಿಷಯಕ್ಕೆ ಬರಬೇಕು.

ಅಸೆಂಬ್ಲಿಯಲ್ಲಿ ಎರಡು ಸಾಲು. ಮೊದಲನೆಯದು ಭಾಗಾಕಾರ. ಪ್ರೊಸೆಸರಿಗೆ ಇದು ಕಷ್ಟದ ಕೆಲಸ, ಹತ್ತಾರು ಸೈಕಲ್ ಹಿಡಿಯಬಹುದು. ಎರಡನೆಯದು ಒಂದು ಸಂಖ್ಯೆಯನ್ನು ಒಂದು ರಿಜಿಸ್ಟರಿನಿಂದ ಇನ್ನೊಂದಕ್ಕೆ ನಕಲು ಮಾಡುವ 'ಮೂವ್'. ಇದಕ್ಕೆ ಒಂದು ಸೈಕಲ್ಲೂ ಬೇಡ.

ಪುಟದಲ್ಲಿ ಭಾಗಾಕಾರದ ಎಡಕ್ಕೆ 0.3. ಮೂವ್‌ನ ಎಡಕ್ಕೆ 40.

ಮೊದಲ ಸಲ ನೋಡಿದವರು ಮೂವ್ ಅನ್ನು ತೆಗೆಯಲು ಹೊರಡುತ್ತಾರೆ. ತೆಗೆದರೆ ಆ 40 ಅದರ ಕೆಳಗಿನ ಸಾಲಿಗೆ ಇಳಿಯುತ್ತದೆ. ಅದನ್ನೂ ತೆಗೆದರೆ ಇನ್ನೂ ಕೆಳಕ್ಕೆ.

ಕೌಂಟರ್ ತುಂಬುವುದು ಒಂದು ಕ್ಷಣ. ಇಂಟರಪ್ಟ್ ಮುಟ್ಟುವುದು ಇನ್ನೊಂದು ಕ್ಷಣ. ಪ್ರೊಸೆಸರ್ ಒಳಗೆ ಎಷ್ಟೋ ಇನ್‌ಸ್ಟ್ರಕ್ಷನ್‌ಗಳು ಒಟ್ಟಿಗೆ ನಡೆದಿರುತ್ತವೆ, ಕ್ರಮ ತಪ್ಪಿಸಿ ನಡೆದಿರುತ್ತವೆ. ಇಂಟೆಲ್‌ನ ಸ್ಕೈಲೇಕ್‌ನಲ್ಲಿ ಒಮ್ಮೆಗೆ 224 ತನಕ. ಆದರೆ ಮುಗಿದವೆಂದು ಲೆಕ್ಕಕ್ಕೆ ಸೇರುವಾಗ ಬರೆದ ಕ್ರಮದಲ್ಲೇ ಸೇರಬೇಕು. ಭಾಗಾಕಾರ ಮುಗಿಯುವ ತನಕ ಮೂವ್ ಎಂದೋ ಸಿದ್ಧವಾಗಿದ್ದರೂ ಕಾಯುತ್ತದೆ. ಭಾಗಾಕಾರ ಲೆಕ್ಕಕ್ಕೆ ಸೇರಿದೊಡನೆ ಇಂಟರಪ್ಟ್ ಒಳಬರುತ್ತದೆ. ಆಗ ಮುಂದೆ ನಿಂತಿರುವುದು ಮೂವ್. ಬರೆದುಕೊಳ್ಳುವುದು ಅದರ ವಿಳಾಸವನ್ನು.

ಇದಕ್ಕೆ ಎಂಜಿನಿಯರ್‌ಗಳು ಇಟ್ಟ ಹೆಸರು 'ಸ್ಕಿಡ್', ಜಾರುವುದು.

13

ಮೆಮೊರಿಯಿಂದ ಓದುವ ಇನ್‌ಸ್ಟ್ರಕ್ಷನ್ ಒಂದು. ಓದಿದ್ದನ್ನು ಕೂಡಿಸುವ ಇನ್‌ಸ್ಟ್ರಕ್ಷನ್ ಅದರ ಕೆಳಗೆ. ಬೇಕಾದದ್ದು ಹತ್ತಿರದ ಕ್ಯಾಶ್‌ನಲ್ಲಿದ್ದರೆ ನಾಲ್ಕೈದು ಸೈಕಲ್. ಇಲ್ಲದೆ ದೂರದ ಮೆಮೊರಿಗೆ ಹೋಗಬೇಕಾದರೆ ನೂರಾರು. ಕೆಂಪಾಗುವುದು ಕೂಡುವ ಸಾಲು. ಅದು ಮಾಡಿದ್ದು ಕಾಯುವುದನ್ನು ಮಾತ್ರ.

ಮೂರು ಪುಟ ಹಿಂದೆ ಯಾರೋ ಆ ಡೇಟಾವನ್ನು ಮೆಮೊರಿಯಲ್ಲಿ ಚೆಲ್ಲಾಪಿಲ್ಲಿಯಾಗಿ ಇಟ್ಟಿದ್ದಾರೆ. ಆ ಸಾಲಿನ ಎಡ ಖಾಲಿ.

14

ಕವಲಿಲ್ಲದ ನೇರ ಕೋಡ್. ಇಪ್ಪತ್ತು ಇನ್‌ಸ್ಟ್ರಕ್ಷನ್‌ಗಳು ಸಾಲಾಗಿ, ಮೇಲಿನದು ಓಡಿದರೆ ಕೆಳಗಿನದೂ ಓಡಲೇಬೇಕು. ಆದರೂ ಎಡದ ಪಟ್ಟಿಯಲ್ಲಿ ಒಂದಕ್ಕೆ 6, ಮುಂದಿನ ಮೂರಕ್ಕೆ ಏನೂ ಇಲ್ಲ, ಮತ್ತೆ ಒಂದಕ್ಕೆ 5. ಪ್ರೊಸೆಸರ್ ಲೆಕ್ಕಕ್ಕೆ ಸೇರಿಸುವುದು ಗುಂಪು ಗುಂಪಾಗಿ. ಗುಂಪಿನ ಮುಂದಿನದೇ ಕಣ್ಣಿಗೆ ಬೀಳುವುದು.

ಏನೂ ಇಲ್ಲದ ಮೂರೂ ಕೋಟ್ಯಂತರ ಸಲ ಓಡಿವೆ.

15

ಪರ್ಫ್‌ನಲ್ಲಿ ಅಳೆಯಬೇಕಾದ ಘಟನೆಯ ಹೆಸರಿನ ಕೊನೆಗೆ 'ಪಿ' ಅಕ್ಷರ ಸೇರಿಸಬಹುದು. ಸೇರಿಸದಿದ್ದರೆ: ಎಷ್ಟು ಬೇಕಾದರೂ ಜಾರಲಿ. ಒಂದು ಪಿ: ಜಾರಲಿ, ಪ್ರತಿ ಸಲವೂ ಒಂದೇ ಅಳತೆ ಜಾರಲಿ. ಎರಡು ಪಿ: ಸಾಧ್ಯವಾದರೆ ಜಾರದಿರಲಿ. ಮೂರು ಪಿ: ಜಾರಲೇಕೂಡದು.

ಕೇಳಿಕೆ, ವಿನಂತಿ, ಆಜ್ಞೆ. ಪಾಲಿಸುವುದು ಬಿಡುವುದು ಯಂತ್ರಾಂಶಕ್ಕೆ ಬಿಟ್ಟದ್ದು.

16

1997. ಡಿಜಿಟಲ್ ಎಕ್ವಿಪ್‌ಮೆಂಟ್ ಕಾರ್ಪೊರೇಷನ್, ಆಲ್ಫಾ ಪ್ರೊಸೆಸರ್. ಅಲ್ಲಿನವರು ಡಿಸಿಪಿಐ ಎಂಬ ವ್ಯವಸ್ಥೆ ಕಟ್ಟಿದರು. 333 ಮೆಗಾಹರ್ಟ್ಸ್ ಪ್ರೊಸೆಸರಿನಲ್ಲಿ ಸೆಕೆಂಡಿಗೆ 5,200ಕ್ಕೂ ಹೆಚ್ಚು ಸ್ಯಾಂಪಲ್. ಬಹುತೇಕ ಕೆಲಸಗಳಿಗೆ ಅದರಿಂದಾದ ನಿಧಾನ 1ರಿಂದ 3%. ಹೆಜ್ಜೆಗೆ ಹೆಜ್ಜೆ ಕೂಡಬಾರದೆಂದು ಸ್ಯಾಂಪಲ್‌ಗಳ ನಡುವಿನ ಅಂತರವನ್ನು ಬೇಕೆಂದೇ ಏರುಪೇರು ಮಾಡಿದ್ದರು. ಹಗಲೂ ರಾತ್ರಿ ಹಾಕಿಡಬಹುದಾದ ಉಪಕರಣ ಅದು. ಪ್ರಬಂಧದ ಶೀರ್ಷಿಕೆ ಒಂದು ಪ್ರಶ್ನೆ: ಸೈಕಲ್‌ಗಳೆಲ್ಲ ಎಲ್ಲಿ ಹೋದವು ಎಂದು.

ಅದರ ಅಸೆಂಬ್ಲಿ ಪುಟದ ಒಂದು ವಿವರ ಮತ್ತೆ ಮತ್ತೆ ನೋಡಬೇಕೆನಿಸುತ್ತದೆ. ಎರಡು ಇನ್‌ಸ್ಟ್ರಕ್ಷನ್‌ಗಳ ನಡುವೆ ಕಾಯುವಿಕೆ ಕಂಡರೆ ಅಲ್ಲಿ ಸಣ್ಣ ಅಕ್ಷರಗಳ ಒಂದು ಸಾಲು ಹಾಕುತ್ತಿದ್ದರು. ಚಿಕ್ಕ 'ಡಿ' ಎಂದರೆ ಡೇಟಾ ಕ್ಯಾಶ್‌ನಲ್ಲಿ ಸಿಗಲಿಲ್ಲ. 'ಡಬ್ಲ್ಯು' ಎಂದರೆ ಬರೆಯುವ ಬಫರ್ ತುಂಬಿತ್ತು. ದೊಡ್ಡ 'ಡಿ' ಎಂದರೆ ವಿಳಾಸ ಬದಲಿಸುವ ಕೋಷ್ಟಕದಲ್ಲಿ ಇರಲಿಲ್ಲ. ಒಂದೇ ಜಾಗದಲ್ಲಿ ಮೂರೂ ಅಕ್ಷರ ಇರುವುದುಂಟು. ಇದೇ ಕಾರಣ ಎಂದಲ್ಲ. ಇವುಗಳಲ್ಲಿ ಯಾವುದನ್ನೂ ತಳ್ಳಿಹಾಕಲಾಗಲಿಲ್ಲ ಎಂದು ಅರ್ಥ.

ಇಂದಿನ ಪುಟಗಳಲ್ಲಿ ಶಂಕಿತರ ಪಟ್ಟಿ ಇರುವುದಿಲ್ಲ. ಅಂಕಿ ಇರುತ್ತದೆ, ಎರಡು ದಶಮಾಂಶ ಸ್ಥಾನದ ತನಕ. ಹಳೆಯ ಪುಟವೇ ಹೆಚ್ಚು ಪ್ರಾಮಾಣಿಕ ಎಂದು ನನಗೆ ಅನಿಸುತ್ತದೆ.

17

ಆ ಆಲ್ಫಾ ಕ್ರಮವಾಗಿ ನಡೆಯುವ ಪ್ರೊಸೆಸರ್. ಮುಂದಿನ ಆಲ್ಫಾ ಕ್ರಮ ತಪ್ಪಿಸಿ ನಡೆಯುವುದು. ಹಳೆಯ ಉಪಾಯ ಅಲ್ಲಿ ನಡೆಯದು. ಅದೇ 1997ರಲ್ಲಿ ಅವರದೇ ಇನ್ನೊಂದು ಪ್ರಬಂಧ ಬಂತು, ಪ್ರೊಫೈಲ್‌ಮಿ. ಘಟನೆಗಳನ್ನು ಎಣಿಸುವುದು ಬಿಡಿ, ಒಂದು ಇನ್‌ಸ್ಟ್ರಕ್ಷನ್ ಅನ್ನು ಒಳಬರುವಾಗಲೇ ಆರಿಸಿ ಗುರುತು ಹಚ್ಚಿ, ಹೊರಹೋಗುವ ತನಕ ಹಿಂಬಾಲಿಸಿ, ಎಲ್ಲೆಲ್ಲಿ ಎಷ್ಟೆಷ್ಟು ಕಾಯಿತು ಬರೆದುಕೊಳ್ಳಿ ಎಂದಿತು.

ಎಎಮ್‌ಡಿ 2007ರ ಪ್ರೊಸೆಸರ್‌ಗಳಲ್ಲಿ ಇಂಥದ್ದನ್ನು ತಂದಿತು. ಆರ್ಮ್‌ನಲ್ಲೂ ಈಗ ಇದೆ. ಆಲ್ಫಾ ಈಗ ಇಲ್ಲ.

18

ಕೆಲವು ವರ್ಚುವಲ್ ಮಷೀನ್‌ಗಳಲ್ಲಿ ಕಾಣುವುದು. ಕರ್ನೆಲ್‌ನಲ್ಲಿ ಎಲ್ಲಕ್ಕಿಂತ ಬಿಸಿ ಫಂಕ್ಷನ್ ಯಾವುದೆಂದರೆ ಸ್ಪಿನ್‌ಲಾಕ್ ಬಿಟ್ಟುಕೊಟ್ಟು ಇಂಟರಪ್ಟ್‌ಗಳಿಗೆ ಮರಳಿ ಬಾಗಿಲು ತೆರೆಯುವ ಫಂಕ್ಷನ್. ಬೇರೆ ಬೇರೆ ಪ್ರೋಗ್ರಾಮ್, ಬೇರೆ ಬೇರೆ ಕೆಲಸ, ಮೇಲೆ ನಿಂತಿರುವುದು ಅದೇ.

ಕರ್ನೆಲ್ ಸೂಕ್ಷ್ಮ ಕೆಲಸ ಮಾಡುವಾಗ ಇಂಟರಪ್ಟ್‌ಗಳನ್ನು ತಡೆದಿಟ್ಟಿರುತ್ತದೆ. ಇಣುಕುವವನೂ ಇಂಟರಪ್ಟ್ ಮೇಲೇ ಬರಬೇಕು. ಅವನು ಹೊರಗೆ ಕಾಯುತ್ತಾನೆ. ಬಾಗಿಲು ತೆರೆದ ಇನ್‌ಸ್ಟ್ರಕ್ಷನ್ ಪಕ್ಕದಲ್ಲೇ ಒಳಬರುತ್ತಾನೆ. ಒಳಗೆ ಅದುವರೆಗೆ ಕಳೆದ ಸಮಯವೆಲ್ಲ ಬಾಗಿಲು ತೆರೆದದ್ದರ ಲೆಕ್ಕಕ್ಕೆ.

ನಿಜವಾದ ಯಂತ್ರದಲ್ಲಿ, ಎಕ್ಸ್86ನಲ್ಲಿ, ತಡೆಯಲಾಗದ ಇಂಟರಪ್ಟ್ ಬಳಸುತ್ತಾರೆ. ಅಲ್ಲಿ ಆ ಫಂಕ್ಷನ್ ಇಷ್ಟು ಮೇಲೆ ಬರುವುದಿಲ್ಲ.

19

'ನಾಪ್' ಎಂಬ ಇನ್‌ಸ್ಟ್ರಕ್ಷನ್ ಏನನ್ನೂ ಮಾಡುವುದಿಲ್ಲ. ಕರ್ನೆಲ್‌ನ ಬಹುತೇಕ ಫಂಕ್ಷನ್‌ಗಳ ಬಾಯಲ್ಲಿ ಒಂದು ನಾಪ್ ಇರುತ್ತದೆ, 5 ಬೈಟ್ ಉದ್ದದ್ದು, ಮುಂದೆ ಯಾರಾದರೂ ಅಲ್ಲಿ ಜಾಡು ಹಿಡಿಯಬೇಕೆಂದರೆ ಬರೆದುಕೊಳ್ಳಲು ಬಿಟ್ಟ ಜಾಗ. ಅದರ ಎಡಕ್ಕೂ ಸಂಖ್ಯೆ ಬೀಳುತ್ತದೆ. ಕೆಲವೊಮ್ಮೆ ಕೆಂಪು.

20

ಕಂಪೈಲರ್ ಸೋರ್ಸ್ ಕೋಡಿನ ಸಾಲುಗಳನ್ನು ಒಡೆಯುತ್ತದೆ. ಲೂಪಿನೊಳಗಿನ ಒಂದು ಸಾಲಿನ ಅರ್ಧವನ್ನು ಲೂಪಿನ ಹೊರಕ್ಕೆ ಎತ್ತಿಡುತ್ತದೆ. ಇನ್ನೊಂದು ಫೈಲಿನ ಫಂಕ್ಷನ್ ಅನ್ನು ತಂದು ಇಲ್ಲಿ ಕರಗಿಸುತ್ತದೆ. ಒಂದೇ ಬಗೆಯ ಎರಡು ಸಾಲುಗಳನ್ನು ಒಂದು ಮಾಡುತ್ತದೆ. ಯಾವ ವಿಳಾಸ ಯಾವ ಸಾಲಿನದು ಎಂಬುದಕ್ಕೆ ಒಂದು ಕೋಷ್ಟಕ ಬರೆದಿಡುತ್ತದೆ, ಡ್ವಾರ್ಫ್ ಎಂಬ ರೂಪದಲ್ಲಿ.

ಒಂದು ಇನ್‌ಸ್ಟ್ರಕ್ಷನ್ ಯಾವ ಸಾಲಿನದು ಎಂದು ಕಂಪೈಲರಿಗೂ ಹೇಳಲಾಗದಿದ್ದರೆ ಅದು 0 ಎಂದು ಬರೆಯುತ್ತದೆ. ಸಾಲು 0. ಯಾವ ಫೈಲಿನಲ್ಲೂ ಅಂಥ ಸಾಲಿಲ್ಲ. ಅಲ್ಲಿಗೂ ಸಮಯ ಖರ್ಚಾಗುತ್ತದೆ.

21

ಬೈನರಿ ಫೈಲಿಗೆ ಒಂದು ಗುರುತಿನ ಸಂಖ್ಯೆ ಇರುತ್ತದೆ, ಬಿಲ್ಡ್ ಐಡಿ. ಸಾಮಾನ್ಯವಾಗಿ 20 ಬೈಟ್. ಸ್ಯಾಂಪಲ್ ತೆಗೆದದ್ದು ಇದೇ ಬೈನರಿಯಿಂದಲೋ ಎಂದು ಅದರಿಂದ ತಾಳೆ ನೋಡುತ್ತಾರೆ.

ಸೋರ್ಸ್ ಫೈಲನ್ನು ಪರ್ಫ್ ಹಾಗೆ ತಾಳೆ ನೋಡುವುದಿಲ್ಲ. ಅದು ನಂಬುವುದು ಬೈನರಿಯಲ್ಲಿರುವ ಫೈಲಿನ ಹೆಸರು ಮತ್ತು ಸಾಲಿನ ಸಂಖ್ಯೆಯನ್ನು. ಬೆಳಿಗ್ಗೆ ಪ್ರೋಗ್ರಾಮ್ ಓಡಿಸಿ, ಮಧ್ಯಾಹ್ನ ಫೈಲಿನ ಮೇಲ್ಭಾಗದಲ್ಲಿ ನಾಲ್ಕು ಸಾಲು ಕಾಮೆಂಟ್ ಸೇರಿಸಿ, ಸಂಜೆ ಪುಟ ತೆರೆದರೆ, ಸಂಖ್ಯೆಗಳೆಲ್ಲ ನಾಲ್ಕು ಸಾಲು ಆಚೀಚೆ. ಬಿಸಿ ಇನ್‌ಸ್ಟ್ರಕ್ಷನ್‌ಗಳು ಒಂದು ಖಾಲಿ ಸಾಲಿನ ಕೆಳಗೆ. ಇಲ್ಲವೇ ಒಂದು ಆವರಣ ಚಿಹ್ನೆಯ ಕೆಳಗೆ.

22

ಲಿನಕ್ಸ್ ಕರ್ನೆಲ್ ಬೂಟ್ ಆಗುವಾಗ ತನ್ನನ್ನೇ ತಿದ್ದಿಕೊಳ್ಳುತ್ತದೆ. ಈ ಪ್ರೊಸೆಸರಿಗೆ ಈ ಇನ್‌ಸ್ಟ್ರಕ್ಷನ್ ಹೊಂದುತ್ತದೆ ಎಂದು ಕಂಡಲ್ಲಿ ಹಳೆಯದನ್ನು ಅಳಿಸಿ ಹೊಸದನ್ನು ಬರೆದುಕೊಳ್ಳುತ್ತದೆ. ಓಡುತ್ತಿರುವಾಗಲೂ ಕೆಲವು ಕವಲುಗಳನ್ನು ನಾಪ್ ಮಾಡುತ್ತದೆ, ನಾಪ್‌ಗಳನ್ನು ಕವಲು ಮಾಡುತ್ತದೆ. ಆಮೇಲೆ ಡಿಸ್ಕಿನಲ್ಲಿರುವ ಕರ್ನೆಲ್ ಫೈಲ್ ಒಂದು, ಓಡುತ್ತಿರುವ ಕರ್ನೆಲ್ ಇನ್ನೊಂದು.

ಡಿಸ್ಕಿನ ಫೈಲಿನ ಪಕ್ಕದಲ್ಲಿ ಸಂಖ್ಯೆ ಬರೆದರೆ ಅವು ಓಡದ ಇನ್‌ಸ್ಟ್ರಕ್ಷನ್‌ಗಳ ಪಕ್ಕಕ್ಕೆ ಬೀಳಬಹುದು. ಅದಕ್ಕಾಗಿ ಓಡುತ್ತಿರುವ ಕರ್ನೆಲ್‌ನ ಮೆಮೊರಿಯಿಂದಲೇ ನಕಲು ತೆಗೆದುಕೊಳ್ಳುವ ದಾರಿ ಪರ್ಫ್‌ನಲ್ಲಿದೆ.

23

ಒಂದು ಫಂಕ್ಷನ್ ಇನ್ನೊಂದನ್ನು ಕರೆದಾಗ, ಎಲ್ಲಿಗೆ ಮರಳಬೇಕು ಎಂಬ ವಿಳಾಸ ಸ್ಟ್ಯಾಕ್‌ನಲ್ಲಿ ಉಳಿಯುತ್ತದೆ. ಅದು ಕರೆದ ಜಾಗವಲ್ಲ, ಕರೆಯ ನಂತರದ ಜಾಗ. ಕರೆ ಯಾವ ಸಾಲಿನಲ್ಲಿ ಆಯಿತು ಎಂದು ತಿಳಿಯಲು ಉಪಕರಣಗಳು ಆ ವಿಳಾಸದಿಂದ 1 ಕಳೆಯುತ್ತವೆ.

ಕಳೆಯದಿದ್ದರೆ ದೂರು ಮುಂದಿನ ಸಾಲಿಗೆ. ಕರೆದದ್ದು ಮತ್ತೆಂದೂ ಮರಳದ ಫಂಕ್ಷನ್ ಆಗಿದ್ದು, ಆ ಕರೆಯೇ ಕೊನೆಯ ಇನ್‌ಸ್ಟ್ರಕ್ಷನ್ ಆಗಿದ್ದರೆ, ದೂರು ಪಕ್ಕದ ಫಂಕ್ಷನ್‌ಗೆ. ಅದು ಓಡಿಯೇ ಇಲ್ಲದಿರಬಹುದು.

24

ಯುಟಿಎಫ್-8ರಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್. ಕನ್ನಡದ ಪ್ರತಿ ಸಂಕೇತಕ್ಕೆ ಮೂರು. ಮೊದಲ ಬೈಟ್ ಯಾವಾಗಲೂ 224. ಎರಡನೆಯದು 178 ಇಲ್ಲವೇ 179, ಬೇರೆ ಯಾವುದೂ ಅಲ್ಲ. ಮೂರನೆಯದು ಬದಲಾಗುತ್ತದೆ.

'ಕ' ಎಂದರೆ 224, 178, 149. 'ಕ್ಷ' ಎಂದರೆ ಕ, ಹಲಂತ ಚಿಹ್ನೆ, ಷ: ಮೂರು ಸಂಕೇತ, ಒಂಬತ್ತು ಬೈಟ್. ಓದುವ ಕಣ್ಣಿಗೆ ಒಂದು ಅಕ್ಷರ.

ಪಠ್ಯದಲ್ಲಿ ಎಷ್ಟು ಸಂಕೇತಗಳಿವೆ ಎಂದು ಎಣಿಸುವ ಸಣ್ಣ ಲೂಪ್. ಬೈಟ್ 128ಕ್ಕಿಂತ ಕಡಿಮೆಯೋ? ಒಂದು ಹೆಜ್ಜೆ ಮುಂದೆ. 224ಕ್ಕಿಂತ ಕಡಿಮೆಯೋ? ಎರಡು. 240ಕ್ಕಿಂತ ಕಡಿಮೆಯೋ? ಮೂರು. ಅಲ್ಲವೋ? ನಾಲ್ಕು. ಇಂಗ್ಲಿಷ್ ಪಠ್ಯ ಕೊಟ್ಟು ಅಳೆದರೆ ಸಂಖ್ಯೆಗಳೆಲ್ಲ ಮೊದಲ ಪ್ರಶ್ನೆಯ ಸುತ್ತ. ಉಳಿದ ಮೂರರ ಎಡ ಖಾಲಿ. ಕನ್ನಡ ಪಠ್ಯ ಕೊಟ್ಟರೆ ಸಂಖ್ಯೆಗಳು ಮೂರನೆಯ ಕವಲಿಗೆ ಇಳಿಯುತ್ತವೆ. ಮೊದಲನೆಯದೂ ಪೂರ್ತಿ ತಣ್ಣಗಾಗುವುದಿಲ್ಲ. ಪದಗಳ ನಡುವಿನ ಖಾಲಿ ಜಾಗ, ಅಲ್ಪವಿರಾಮ, ಪೂರ್ಣವಿರಾಮ ಒಂದೊಂದೇ ಬೈಟ್.

ಪ್ರೊಸೆಸರ್ ಕವಲನ್ನು ಮೊದಲೇ ಊಹಿಸಿ ಮುಂದೆ ಹೋಗಿರುತ್ತದೆ. ಊಹೆ ತಪ್ಪಿದರೆ ಹದಿನೈದಿಪ್ಪತ್ತು ಸೈಕಲ್ ನಷ್ಟ. ಇಂಗ್ಲಿಷ್ ಪಠ್ಯದಲ್ಲಿ ಊಹಿಸಲು ಏನೂ ಇಲ್ಲ, ಉತ್ತರ ಯಾವಾಗಲೂ ಒಂದೇ. ಕನ್ನಡದಲ್ಲಿ ಮೂರು, ಮೂರು, ಮೂರು ಎಂದು ಹೋಗುತ್ತಿದ್ದದ್ದು ಪದ ಮುಗಿದಾಗ ಒಂದು. ಪದ ಎಲ್ಲಿ ಮುಗಿಯುತ್ತದೆ ಎಂದು ಪ್ರೊಸೆಸರ್ ಊಹಿಸಬೇಕು. 'ಮನೆ'ಗೆ ಮೂರು ಸಂಕೇತ. 'ಮನೆಯವರಿಗೆಲ್ಲ' ಎಂದರೆ ಹನ್ನೆರಡು.

ಇನ್ನೊಂದು. ಅನೇಕ ಲೈಬ್ರರಿಗಳಲ್ಲಿ ಒಂದು ಒಳದಾರಿ ಇರುತ್ತದೆ: ಒಮ್ಮೆಗೆ ಎಂಟು ಬೈಟ್ ಎತ್ತಿ ನೋಡು, ಎಂಟೂ 128ಕ್ಕಿಂತ ಕಡಿಮೆಯಾದರೆ ಎಂಟನ್ನೂ ಒಟ್ಟಿಗೆ ದಾಟು. ಇಂಗ್ಲಿಷ್ ಪುಟದಲ್ಲಿ ಈ ಒಳದಾರಿಯೇ ಕೆಂಪು. ಕನ್ನಡ ಪುಟದಲ್ಲಿ ಒಳದಾರಿಯ ಬಾಗಿಲಿಗೆ ಸಂಖ್ಯೆ ಬೀಳುತ್ತದೆ, ಒಳಗಿನ ಸಾಲುಗಳ ಎಡ ಖಾಲಿ. ತಟ್ಟಿ ನೋಡಿದ ಖರ್ಚು ಮಾತ್ರ.

ಅಳತೆಗೆ ಯಾವ ಪಠ್ಯ ಕೊಟ್ಟರು, ಅದು ಯಾವ ಭಾಷೆಯದು ಎಂಬುದನ್ನು ಪುಟದಲ್ಲಿ ಎಲ್ಲೂ ಬರೆದಿರುವುದಿಲ್ಲ. ಎಡ ಖಾಲಿ ಇರುವ ಸಾಲನ್ನು ಯಾರೂ ತಿದ್ದಲು ಹೋಗುವುದಿಲ್ಲ. ನಾವು ದಿನಾ ಓದುವ ಬರೆಯುವ ಭಾಷೆ ಓಡುವುದು ಆ ಸಾಲುಗಳಲ್ಲಿ. ಕನ್ನಡ ಪಠ್ಯವನ್ನು ಅಳತೆಗೆ ಇಡುವವರು ಕನ್ನಡಿಗರೇ ಆಗಬೇಕಾದೀತು.

25

2010. ಮೈಟ್ಕೋವಿಚ್, ದಿವಾನ್, ಹೌಸ್ವಿರ್ತ್, ಸ್ವೀನಿ. ಜಾವಾದ ನಾಲ್ಕು ಪ್ರೊಫೈಲರ್‌ಗಳನ್ನು ಅದೇ ಪ್ರೋಗ್ರಾಮ್‌ಗಳ ಮೇಲೆ ಓಡಿಸಿದರು. ಎಲ್ಲಕ್ಕಿಂತ ಬಿಸಿ ಯಾವುದು ಎಂಬುದರಲ್ಲೇ ಅವು ಒಪ್ಪಲಿಲ್ಲ.

ಆ ಪ್ರೊಫೈಲರ್‌ಗಳು ಜಾವಾ ಯಂತ್ರ ತಾನಾಗಿ ನಿಲ್ಲಲು ಒಪ್ಪುವ ಜಾಗಗಳಲ್ಲಿ ಮಾತ್ರ ಇಣುಕುತ್ತಿದ್ದವು. ಎಲ್ಲಿ ಬೇಕಾದಲ್ಲಿ ಅಲ್ಲ. ನಿಲ್ದಾಣಗಳನ್ನು ಎಲ್ಲಿ ಇಡಬೇಕೆಂದು ತೀರ್ಮಾನಿಸುವುದು ಕಂಪೈಲರ್. ಪ್ರೊಫೈಲರ್ ಸೇರಿಸಿದಾಗ ಕಂಪೈಲರಿನ ತೀರ್ಮಾನ ತುಸು ಬದಲಾಗುತ್ತದೆ. ಬೇರೆ ಪ್ರೊಫೈಲರ್, ಬೇರೆ ನಿಲ್ದಾಣಗಳು.

26

ಅವರೇ 2009ರಲ್ಲಿ ಬರೆದದ್ದು ಇನ್ನೂ ವಿಚಿತ್ರ. ಯುನಿಕ್ಸ್‌ನಲ್ಲಿ ಪ್ರೋಗ್ರಾಮ್ ಶುರುವಾಗುವಾಗ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳು ಸ್ಟ್ಯಾಕ್‌ನ ತುದಿಗೆ ನಕಲಾಗುತ್ತವೆ. ಅವುಗಳ ಉದ್ದ ಬದಲಾದರೆ ಸ್ಟ್ಯಾಕ್ ಶುರುವಾಗುವ ಜಾಗ ಬದಲಾಗುತ್ತದೆ. ಅದು ಬದಲಾದರೆ ಪ್ರೋಗ್ರಾಮಿನ ವೇಗ ಬದಲಾಗುತ್ತದೆ. ಪ್ರೋಗ್ರಾಮಿನ ಒಂದಕ್ಷರವೂ ಬದಲಾಗಿಲ್ಲ. ಫೈಲುಗಳನ್ನು ಲಿಂಕ್ ಮಾಡುವ ಕ್ರಮ ಬದಲಿಸಿದರೂ ಹಾಗೇ.

ಆ ವೇರಿಯಬಲ್‌ಗಳಲ್ಲಿ ಬಳಕೆದಾರನ ಹೆಸರೂ ಒಂದು.

27

2015. ಚಾರ್ಲಿ ಕರ್ಟ್ಸಿಂಗರ್, ಎಮೆರಿ ಬರ್ಗರ್ ಅವರ ಕಾಜ್. ಈ ಸಾಲು ಎಷ್ಟು ಸಮಯ ತಿನ್ನುತ್ತಿದೆ ಎಂದು ಅದು ಕೇಳುವುದಿಲ್ಲ. ಈ ಸಾಲು ವೇಗವಾದರೆ ಒಟ್ಟು ಎಷ್ಟು ವೇಗವಾದೀತು ಎಂದು ಕೇಳುತ್ತದೆ. ಸಾಲನ್ನು ವೇಗ ಮಾಡುವುದು ಅದರ ಕೈಯಲ್ಲಿಲ್ಲ. ಆ ಸಾಲು ಓಡಿದಾಗಲೆಲ್ಲ ಉಳಿದ ಥ್ರೆಡ್‌ಗಳನ್ನು ಸ್ವಲ್ಪ ಹೊತ್ತು ನಿಲ್ಲಿಸುತ್ತದೆ. ಉಳಿದವರೆಲ್ಲ ನಿಧಾನವಾದರೆ ಇದು ವೇಗವಾದ ಹಾಗೆ.

ಎಸ್‌ಕ್ಯುಲೈಟ್ ಮೇಲೆ ಓಡಿಸಿದರು. ಕಾಜ್ ತೋರಿಸಿದ ಮೂರು ಸಣ್ಣ ಫಂಕ್ಷನ್‌ಗಳನ್ನು ಕರೆಯುವ ಬಗೆ ಬದಲಿಸಿದರು. ವೇಗ ಸುಮಾರು 25% ಹೆಚ್ಚಿತು. ಪರ್ಫ್‌ನ ಪುಟದಲ್ಲಿ ಆ ಫಂಕ್ಷನ್‌ಗಳ ಪಾಲು 0.15%. ಹಸಿರೂ ಅಲ್ಲ.

28

1974ರಲ್ಲಿ ಕ್ನೂತ್ ಬರೆದ ಒಂದು ಪ್ರಬಂಧದಿಂದ, ಅಕಾಲದಲ್ಲಿ ಕೋಡ್ ತಿದ್ದುವುದರ ವಿರುದ್ಧದ ಒಂದು ಮಾತನ್ನು ಎಲ್ಲರೂ ಎತ್ತಿ ಹೇಳುತ್ತಾರೆ. ಅದೇ ಪ್ರಬಂಧದಲ್ಲಿ ಇನ್ನೊಂದು ಮಾತಿದೆ: ಪ್ರೋಗ್ರಾಮಿನ ಯಾವ ಭಾಗ ದುಬಾರಿ ಎಂಬ ಲೆಕ್ಕವನ್ನು ಎಲ್ಲ ಕಂಪೈಲರ್‌ಗಳೂ ಕೇಳದೆಯೇ ಕೊಡಬೇಕು, ಬೇಡ ಎಂದವರಿಗೆ ಮಾತ್ರ ಕೊಡದಿರಬಹುದು ಎಂದು.

ಮೊದಲ ಮಾತು ಉಳಿಯಿತು. ಎರಡನೆಯದಕ್ಕೆ ಈಗಲೂ ಬೇಕೆಂದವರು ಕೇಳಬೇಕು.

29

2016ರಲ್ಲಿ ಗೂಗಲ್‌ನವರು ಪ್ರಕಟಿಸಿದ ಆಟೊಎಫ್‌ಡಿಒ. ಇಲ್ಲಿ ಸಂಖ್ಯೆಗಳನ್ನು ಮನುಷ್ಯ ಓದುವುದಿಲ್ಲ. ಕಂಪೈಲರ್ ಓದುತ್ತದೆ. ಬಿಸಿ ಸಾಲುಗಳನ್ನು ಒತ್ತೊತ್ತಾಗಿ ಇಡುತ್ತದೆ, ತಣ್ಣಗಿನವನ್ನು ದೂರಕ್ಕೆ ಸರಿಸುತ್ತದೆ, ಪದೇ ಪದೇ ಕರೆಯುವ ಫಂಕ್ಷನ್ ಅನ್ನು ಕರೆದ ಜಾಗದಲ್ಲೇ ಕರಗಿಸುತ್ತದೆ.

ಸಾಲಿನ ಸಂಖ್ಯೆಯನ್ನು ಇದು ಫೈಲಿನ ಮೊದಲಿನಿಂದ ಎಣಿಸುವುದಿಲ್ಲ. ಫಂಕ್ಷನ್ ಶುರುವಾದ ಸಾಲಿನಿಂದ ಎಣಿಸುತ್ತದೆ. ಫೈಲಿನ ಮೇಲ್ಭಾಗದಲ್ಲಿ ಯಾರು ಏನು ಸೇರಿಸಿದರೂ ಲೆಕ್ಕ ಕೆಡದಿರಲೆಂದು. ಒಂದೇ ಸಾಲಿನಲ್ಲಿ ಎರಡು ಕವಲುಗಳಿದ್ದರೆ ಬೇರೆ ಗುರುತಿಸಲು ಇನ್ನೊಂದು ಸಂಖ್ಯೆ.

30

ಆ ಸ್ಯಾಂಪಲ್‌ಗಳು ಬರುವುದು ಜನ ಬಳಸುತ್ತಿರುವ ಬೈನರಿಯಿಂದ. ಅದನ್ನು ಕಟ್ಟಿದ್ದು ಹಿಂದಿನ ಸಲದ ಸಂಖ್ಯೆಗಳನ್ನು ಓದಿದ ಕಂಪೈಲರ್. ಹಿಂದಿನ ಸಲ ಬಿಸಿಯಾಗಿದ್ದ ಫಂಕ್ಷನ್ ಈ ಬೈನರಿಯಲ್ಲಿ ಆ ಕರೆಯ ಜಾಗದಲ್ಲಿ ಕರಗಿಹೋಗಿದೆ. ಅಲ್ಲಿ ಕರೆ ಇಲ್ಲ, ಕರೆಯ ಎಣಿಕೆಯೂ ಇಲ್ಲ. ಎಣಿಕೆ ಇಲ್ಲವೆಂದು ಕಂಪೈಲರ್ ಮುಂದಿನ ಸಲ ಅದನ್ನು ಕರಗಿಸದೆ ಬಿಟ್ಟರೆ, ಪ್ರೋಗ್ರಾಮ್ ಮತ್ತೆ ನಿಧಾನ. ಅದಕ್ಕಾಗಿ ಪ್ರತಿ ಸ್ಯಾಂಪಲ್ ಜೊತೆ, ಆ ಇನ್‌ಸ್ಟ್ರಕ್ಷನ್ ಮೂಲದಲ್ಲಿ ಯಾವ ಫಂಕ್ಷನ್ನಿನದು, ಅದು ಯಾರೊಳಗೆ ಕರಗಿತ್ತು, ಅವರು ಯಾರೊಳಗೆ ಎಂಬ ಸರಪಳಿಯನ್ನೂ ಬರೆದಿಡುತ್ತಾರೆ. ಕಂಪೈಲರ್ ಮೊದಲು ಆ ಸರಪಳಿ ನೋಡಿ ಹಿಂದಿನಂತೆಯೇ ಕರಗಿಸಿ, ಆಮೇಲೆ ಹೊಸ ಸಂಖ್ಯೆಗಳನ್ನು ಸಾಲುಗಳ ಪಕ್ಕಕ್ಕೆ ಇಡುತ್ತದೆ.